ಚಾಸಿ ಒಂದು ಊರಿನದು, ಬಾಡಿ ಇನ್ನೊಂದು ಊರಿನದು

ನಮ್ಮ ವಾಚನಾಲಯಕ್ಕೆ ಭಾನುವಾರ ಬರುವ ಇಂಗ್ಲಿಷ್ ಪತ್ರಿಕೆಯನ್ನು ಪೂರ್ತಿ ಓದುವವರು ಮೂರು ನಾಲ್ಕು ಜನ. ಉಳಿದವರು ಚಿತ್ರ ನೋಡಿ ಮಡಚಿಡುತ್ತಾರೆ. ಒಂದು ಭಾನುವಾರ ಅದರ ಪುರವಣಿಯಲ್ಲಿ ಅರ್ಧ ಪುಟದಷ್ಟು ದೊಡ್ಡದಾಗಿ ಒಂದು ಹಳೇ ಕಾರಿನ ಚಿತ್ರ ಬಂದಿತ್ತು. ಕಿತ್ತಳೆ ಮತ್ತು ಕಪ್ಪು ಬಣ್ಣ, ಮುಗಿಯುವುದೇ ಇಲ್ಲವೇನೋ ಅನ್ನಿಸುವ ಬಾನೆಟ್ಟು, ಕೂರುವುದಕ್ಕೆ ಮಾತ್ರ ಇಬ್ಬರಿಗೆ ಜಾಗ. ಇಂದೋರಿನ ಮಹಾರಾಜ ಎರಡನೆಯ ಯಶವಂತರಾವ್ ಹೋಳ್ಕರ್ 1930ರ ದಶಕದ ನಡುವಿನಲ್ಲಿ ಮಾಡಿಸಿಕೊಂಡ ಡ್ಯೂಸನ್‌ಬರ್ಗ್ ಕಾರು ಅದು. ಪುರವಣಿ ಅದನ್ನು ಹೊಗಳಿದ್ದೇ ಹೊಗಳಿದ್ದು. ನಮ್ಮ ಹುಡುಗರು ಫೋನಿನಲ್ಲಿ ಆ ಚಿತ್ರದ ಚಿತ್ರ ತೆಗೆದುಕೊಂಡರು.

ಸಂಜೆ ನಮ್ಮ ದೊಡ್ಡಪ್ಪ ಬಂದರು. ಅವರು ಮೂವತ್ತು ವರ್ಷ ಸಂಕಗಿರಿಯ ಲಾರಿ ಪಟ್ಟರೆಗಳಲ್ಲಿ ಮರಗೆಲಸ ಮಾಡಿದವರು. ಕನ್ನಡಕ ಏರಿಸಿ, ಪತ್ರಿಕೆಯನ್ನು ಕಿಟಕಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರು ನೋಡುತ್ತಿದ್ದದ್ದು ಬಾನೆಟ್ಟನ್ನಲ್ಲ, ಬಾಗಿಲ ಅಂಚನ್ನು.

"ಇದರ ಬಾಡಿ ಕಟ್ಟಿದೋರು ಯಾರಂತೆ?" ಅಂದರು.

"ಅಮೆರಿಕದ ಕಂಪನಿ ದೊಡ್ಡಪ್ಪ, ಡ್ಯೂಸನ್‌ಬರ್ಗ್ ಅಂತ."

"ಅದು ಚಾಸಿ ಮಾಡಿದೋರು ಕಣಪ್ಪ. ನಾನು ಕೇಳ್ತಿರೋದು ಬಾಡಿ. ಇದು ಕೈಯಲ್ಲಿ ಕಟ್ಟಿದ ಬಾಡಿ. ಒಳಗೆ ಮರ ಐತೆ."

ನಾನು ಲೇಖನವನ್ನು ಇನ್ನೊಂದು ಸಲ ಓದಿದೆ. ಮಹಾರಾಜನ ಹೆಸರು ಮತ್ತೆ ಮತ್ತೆ ಇತ್ತು. ಹರಾಜಿನ ಬೆಲೆ ಇತ್ತು. 'ಅಪರೂಪ' ಅನ್ನುವ ಮಾತು ಪ್ಯಾರಾಕ್ಕೆ ಒಂದು ಸಲ ಇತ್ತು. ಬಾಡಿ ಕಟ್ಟಿದವರ ಸುದ್ದಿ ಒಂದು ಸಾಲೂ ಇರಲಿಲ್ಲ. ಮೇಷ್ಟರ ಕೆಲಸ ಮಾಡಿ ರಿಟೈರ್ ಆದ ನನಗೆ, ಚಿತ್ರ ಮಾತ್ರ ನೋಡಿದ ದೊಡ್ಡಪ್ಪನಿಗೆ ಕಂಡದ್ದು ಓದಿದ ಮೇಲೂ ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆ ಪ್ರಶ್ನೆಯನ್ನೇ ಹಿಡಿದುಕೊಂಡು ಆಮೇಲೆ ಒಂದಷ್ಟು ಓದಿದೆ. ಇದು ಆ ಕಾರಿನ ವಿಮರ್ಶೆ, ಜೊತೆಗೆ ಆ ಕಾರನ್ನು ಹೊಗಳುವ ರೀತಿಯ ವಿಮರ್ಶೆ.

ಮೊದಲು ಕಾರಿನ ವಂಶ ಹೇಳಿಬಿಡುತ್ತೇನೆ. ಫ್ರೆಡ್ ಮತ್ತು ಆಗಸ್ಟ್ ಡ್ಯೂಸನ್‌ಬರ್ಗ್ ಅಣ್ಣತಮ್ಮಂದಿರು. ಜರ್ಮನಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕದ ಅಯೋವಾಕ್ಕೆ ವಲಸೆ ಹೋದವರು. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರಲ್ಲ. ಫ್ರೆಡ್ ಸೈಕಲ್ ರೇಸಿಗೆ ಹೋಗುತ್ತಿದ್ದ, ಸೈಕಲ್ ರಿಪೇರಿ ಮಾಡುತ್ತಿದ್ದ. ಅಲ್ಲಿಂದ ಎಂಜಿನ್ನಿಗೆ, ಎಂಜಿನ್ನಿನಿಂದ ರೇಸ್ ಕಾರಿಗೆ ಬಂದರು. 1921ರಲ್ಲಿ ಫ್ರಾನ್ಸಿನ ಗ್ರಾಂಪ್ರಿ ಪಂದ್ಯವನ್ನು ಜಿಮ್ಮಿ ಮರ್ಫಿ ಗೆದ್ದದ್ದು ಇವರ ಕಾರಿನಲ್ಲಿ. ಇಂಡಿಯಾನಾಪೊಲಿಸ್‌ನ 500 ಮೈಲಿ ರೇಸನ್ನು 1924, 1925 ಮತ್ತು 1927ರಲ್ಲಿ ಇವರ ಕಾರುಗಳೇ ಗೆದ್ದವು. ಕೈಕೆಲಸ ಗೊತ್ತಿತ್ತು, ವ್ಯಾಪಾರ ಗೊತ್ತಿರಲಿಲ್ಲ. 1926ರಲ್ಲಿ ಇ. ಎಲ್. ಕಾರ್ಡ್ ಎಂಬ ವ್ಯಾಪಾರಿ ಕಂಪನಿಯನ್ನು ಕೊಂಡುಕೊಂಡು, "ಲೋಕದಲ್ಲಿ ಇದಕ್ಕಿಂತ ಮೇಲಿನದು ಇರಬಾರದು, ಅಂಥ ಕಾರು ಮಾಡು" ಅನ್ನುವ ಕೆಲಸ ಫ್ರೆಡ್‌ನ ತಲೆಗೆ ಹಾಕಿದ. 1928ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಬಂದದ್ದು ಮಾಡೆಲ್ ಜೆ.

ಅದರ ಎಂಜಿನ್ನು ಸಾಲಾಗಿ ಎಂಟು ಸಿಲಿಂಡರಿನದು, 6.9 ಲೀಟರಿನದು. ಒಂದೊಂದು ಸಿಲಿಂಡರಿಗೆ ನಾಲ್ಕು ವಾಲ್ವು, ಮೇಲೆ ಎರಡು ಕ್ಯಾಮ್‌ಶಾಫ್ಟು. ಇವತ್ತು ನಮ್ಮ ಬೀದಿಯ ಸಣ್ಣ ಕಾರಿನಲ್ಲೂ ಇರುವ ವ್ಯವಸ್ಥೆ ಇದು. ಆಗ ರೇಸ್ ಕಾರು, ವಿಮಾನ ಬಿಟ್ಟರೆ ಬೇರೆ ಕಡೆ ಕಾಣುವುದೇ ಕಷ್ಟ. ಕಂಪನಿ ಹೇಳಿಕೊಂಡ ಶಕ್ತಿ 265 ಅಶ್ವಶಕ್ತಿ. 1932ರಲ್ಲಿ ಗಾಳಿಯನ್ನು ಒತ್ತಿ ಒಳಗೆ ತುಂಬುವ ಸೂಪರ್‌ಚಾರ್ಜರ್ ಹಾಕಿ 320ಕ್ಕೆ ಏರಿಸಿದರು. ಅದಕ್ಕೆ ಎಸ್‌ಜೆ ಅಂತ ಹೆಸರು ಬಂತು. ಹೋಳ್ಕರ್ ಕೊಂಡದ್ದು ಈ ಎಸ್‌ಜೆ. ನನಗೆ ಇದಕ್ಕಿಂತ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಪ್ರತಿ 75 ಮೈಲಿಗೆ ಒಂದು ಸಲ ಚಾಸಿಯ ಕೀಲುಗಳಿಗೆ ತಾನಾಗಿಯೇ ಎಣ್ಣೆ ಹೋಗುವಂತೆ ಪಂಪು ಇಟ್ಟಿದ್ದರು. 700 ಮೈಲಿಗೆ ಎಂಜಿನ್ ಆಯಿಲ್ ಬದಲಿಸು ಅಂತ, 1400 ಮೈಲಿಗೆ ಬ್ಯಾಟರಿ ನೀರು ನೋಡು ಅಂತ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತಿತ್ತು. ಯಜಮಾನನನ್ನೂ ನಂಬದೆ, ಡ್ರೈವರನ್ನೂ ನಂಬದೆ ಕಾರನ್ನು ಕಾಪಾಡಬೇಕು ಅಂತ ಯೋಚಿಸಿದ ಮನುಷ್ಯ ಫ್ರೆಡ್. ಸೈಕಲ್ ಶಾಪಿನಲ್ಲಿ ಬೆಳೆದವನಿಗೇ ಇದು ಹೊಳೆಯುವುದು. 1932ರ ಜುಲೈನಲ್ಲಿ, ತನ್ನ ಕಾರಿನಲ್ಲೇ ಹೋಗುವಾಗ ಅಪಘಾತವಾಗಿ ಅವನು ತೀರಿಕೊಂಡ.

ಈಗ ದೊಡ್ಡಪ್ಪನ ಮಾತಿಗೆ ಬರೋಣ. ಡ್ಯೂಸನ್‌ಬರ್ಗ್ ಕಂಪನಿ ಮಾರುತ್ತಿದ್ದದ್ದು ಚಾಸಿ. ಎಂಜಿನ್ನು, ಗೇರು, ಚಕ್ರ, ರೇಡಿಯೇಟರು, ಬಾನೆಟ್ಟು, ಮಡ್‌ಗಾರ್ಡು, ಅಷ್ಟೇ. ಕೂರುವ ಮನೆ ಬೇರೆ. ಕೊಳ್ಳುವವನು ತನಗೆ ಬೇಕಾದ ಬಾಡಿ ಕಟ್ಟುವವರ ಹತ್ತಿರ ಕಟ್ಟಿಸಿಕೊಳ್ಳಬೇಕು. ಕ್ಯಾಲಿಫೋರ್ನಿಯಾದ ಮರ್ಫಿ, ನ್ಯೂಯಾರ್ಕಿನ ರೋಲ್‌ಸ್ಟನ್, ಹೀಗೆ ಬೇರೆ ಬೇರೆ ಪಟ್ಟರೆಗಳು. ಹೋಳ್ಕರ್ ಕಾರಿನ ಚಾಸಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿತು. ಬಾಡಿ ಕಟ್ಟಿದವರು ಲಂಡನ್ನಿನ ಗರ್ನಿ ನಟಿಂಗ್ ಕಂಪನಿಯವರು. ಅವರ ನಕ್ಷೆಗಾರ ಎ. ಎಫ್. ಮೆಕ್‌ನೀಲ್. ಅಮೆರಿಕದ ಚಾಸಿ, ಇಂಗ್ಲೆಂಡಿನ ಬಾಡಿ, ಇಂದೋರಿನ ಹಣ. ದೊಡ್ಡಪ್ಪ ಹೇಳಿದ್ದು ಅಕ್ಷರಶಃ ನಿಜ. ಆ ಕಾಲದ ಇಂಥ ಬಾಡಿಗಳ ಒಳಗೆ ಮರದ ಚೌಕಟ್ಟು ಇರುತ್ತಿತ್ತು. ಆ್ಯಶ್ ಅಂತ ಒಂದು ಮರ, ಬಾಗುತ್ತದೆ, ಸೀಳುವುದಿಲ್ಲ. ಅದರ ಮೇಲೆ ತಗಡನ್ನು ಕೈಯಲ್ಲೇ ತಟ್ಟಿ ತಟ್ಟಿ ಕೂರಿಸಿ, ಬಣ್ಣವನ್ನು ಪದರ ಪದರವಾಗಿ ಬಳಿದು, ಉಜ್ಜಿ, ಮತ್ತೆ ಬಳಿಯುತ್ತಿದ್ದರು.

ಇದನ್ನು ಓದಿ ಹೇಳಿದಾಗ ದೊಡ್ಡಪ್ಪ ನಕ್ಕರು. "ಇದಕ್ಕೆ ಲಂಡನ್ನಿಗೆ ಯಾಕೆ ಹೋಗ್ಬೇಕು, ಸಂಕಗಿರಿಗೆ ಹೋದ್ರೆ ಸಾಕಿತ್ತು."

ನಗೆಮಾತಾದರೂ ಇದರಲ್ಲಿ ತಪ್ಪಿಲ್ಲ. ನಮ್ಮ ಕಡೆಯ ಜನಕ್ಕೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ 1980ರಲ್ಲಿ ಶುರುವಾಯಿತು. ಅಲ್ಲಿಂದ ಬರಿ ಚಾಸಿ ಧರ್ಮಪುರಿ ದಾಟಿ, ತೊಪ್ಪೂರು ಘಾಟಿ ಇಳಿದು ಸೇಲಂ ಕಡೆಗೆ ಹೋಗುವುದನ್ನು ನೋಡದವರು ಯಾರಿದ್ದಾರೆ? ಕ್ಯಾಬಿನ್ ಇಲ್ಲ, ಬಾಗಿಲಿಲ್ಲ. ತಲೆಗೆ ಟವಲು ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಒಂದು ಮರದ ಪೆಟ್ಟಿಗೆಯಂಥ ಸೀಟಿನ ಮೇಲೆ ಕೂತ ಡ್ರೈವರು, ಬಿಸಿಲು ಮಳೆ ಎಲ್ಲ ಮೈಮೇಲೆ. ಸಂಕಗಿರಿ, ತಿರುಚೆಂಗೋಡು, ನಾಮಕ್ಕಲ್ಲಿಗೆ ಹೋಗಿ ಸೇರಿದ ಮೇಲೆ ಅದಕ್ಕೆ ಮೈ ಬರುವುದು. (ನಾಮಕ್ಕಲ್ಲು ಬೇರೆ ಜಿಲ್ಲೆ ಆದದ್ದು 1997ರಲ್ಲಿ, ನಮ್ಮ ವಯಸ್ಸಿನವರಿಗೆ ಅದು ಈಗಲೂ ಸೇಲಂ ಜಿಲ್ಲೆಯೇ.) ಅಲ್ಲಿ ಮರಗೆಲಸದವನು ಚೌಕಟ್ಟು ಹಾಕುತ್ತಾನೆ, ವೆಲ್ಡರು ಕಬ್ಬಿಣ ಕಟ್ಟುತ್ತಾನೆ, ಟಿಂಕರು ತಗಡು ಹೊದಿಸುತ್ತಾನೆ, ಪೇಂಟರು ಹೂವು, ನವಿಲು, ಯಜಮಾನನ ಮಕ್ಕಳ ಹೆಸರು ಬರೆಯುತ್ತಾನೆ. ಡ್ಯೂಸನ್‌ಬರ್ಗಿಗೂ ಇದಕ್ಕೂ ಕೆಲಸದ ಕ್ರಮದಲ್ಲಿ ಭೇದವಿಲ್ಲ. ನಯದಲ್ಲಿ ಭೇದ ಇದೆ, ಅದನ್ನು ದೊಡ್ಡಪ್ಪನೇ ಒಪ್ಪುತ್ತಾರೆ. "ಆ ಬಾಗಿಲು ಮುಚ್ಚಿದ್ರೆ ಗೆರೆ ಕಾಣಲ್ಲ ನೋಡು. ನಮಗೆ ಅಷ್ಟು ದಿನ ಎಲ್ಲಿ ಕೊಡ್ತಿದ್ರು? ಚಾಸಿ ಬಂದ ದಿನದಿಂದ ಯಜಮಾನ ಬಡ್ಡಿ ಎಣಿಸ್ತಿರ್ತಾನೆ."

ನನಗೆ ಇಲ್ಲೇ ವಿಮರ್ಶೆಯ ಗಂಟು ಸಿಕ್ಕಿತು. ಎರಡು ಕೆಲಸಕ್ಕೂ ಇರುವ ಅಂತರ ಬುದ್ಧಿಯದಲ್ಲ, ಕೊಟ್ಟ ಸಮಯದ್ದು. ಸಮಯಕ್ಕೆ ಹಣ ಬೇಕು. ಎಷ್ಟು ಹಣ? 1928ರಲ್ಲಿ ಮಾಡೆಲ್ ಜೆಯ ಬರಿ ಚಾಸಿಗೆ 8,500 ಡಾಲರು. ನಮ್ಮ ಹೆಂಗಸರು ಅರ್ಥ ಮಾಡಿಕೊಳ್ಳುವ ಲೆಕ್ಕದಲ್ಲಿ ಹೇಳುತ್ತೇನೆ: ಆಗ ಒಂದು ಇಂಗ್ಲಿಷ್ ಸವರನ್ನು ಸುಮಾರು 4 ಡಾಲರು 87 ಸೆಂಟಿಗೆ ಸಮ. ಅಂದರೆ ಚಾಸಿಗೇ ಸುಮಾರು 1,745 ಸವರನ್ ಚಿನ್ನ. ಬಾಡಿಯ ಖರ್ಚು ಬೇರೆ. ಅದೇ ದೇಶದಲ್ಲಿ ಹೆನ್ರಿ ಫೋರ್ಡ್ ತನ್ನ ಮಾಡೆಲ್ ಟಿ ಕಾರನ್ನು 1925ರಲ್ಲಿ 260 ಡಾಲರಿಗೆ ಮಾರಿದ್ದ. ಒಂದು ಡ್ಯೂಸನ್‌ಬರ್ಗ್ ಚಾಸಿಯ ಹಣಕ್ಕೆ 32 ಫೋರ್ಡ್ ಕಾರು! ಇಷ್ಟರ ಮೇಲೆ, ಜೆ ಬಂದು ವರ್ಷ ತುಂಬುವುದರೊಳಗೆ, 1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರು ಮಾರುಕಟ್ಟೆ ಬಿತ್ತು. ಆ ಪೆಟ್ಟು ಎಲ್ಲ ಕಡೆಗೂ ಬಂತು. ನಮ್ಮ ಕಡೆ ರಾಗಿ, ಕಡಲೆಕಾಯಿ, ಹತ್ತಿಯ ಬೆಲೆ ಬಿದ್ದು ಸಾಲ ಏರಿದ್ದು ಆ ಕಾಲದಲ್ಲೇ. ಅಂಥ ಹೊತ್ತಿನಲ್ಲೂ ಇದನ್ನು ಕೊಳ್ಳುವವರು ಸಿನಿಮಾ ನಟರು, ಕಾರ್ಖಾನೆ ಮಾಲೀಕರು, ಸಂಸ್ಥಾನದ ದೊರೆಗಳು. ಮಹಾರಾಜನ ಅಭಿರುಚಿಯನ್ನು ಪುರವಣಿ ಕೊಂಡಾಡಿದೆ. ಅಭಿರುಚಿ ಇತ್ತು, ಇಲ್ಲ ಅನ್ನುವುದಿಲ್ಲ. ಜರ್ಮನಿಯ ಎಕಾರ್ಟ್ ಮುಥೇಸಿಯಸ್ ಕೈಯಲ್ಲಿ ಮಾಣಿಕ್ ಬಾಗ್ ಅರಮನೆ ಕಟ್ಟಿಸಿದ ಮನುಷ್ಯ ಅವರು. ಆದರೆ ಆ ಹಣ ಅವರ ಕೈಗೆ ಬಂದದ್ದು ಮಾಳವದ ಹತ್ತಿ ಹೊಲಗಳಿಂದ ಅನ್ನುವುದನ್ನೂ ಒಂದು ಸಾಲು ಬರೆಯಬಹುದಿತ್ತು.

1937ರಲ್ಲಿ ಕಾರ್ಡ್‌ನ ವ್ಯಾಪಾರ ಕುಸಿದು ಡ್ಯೂಸನ್‌ಬರ್ಗ್ ಕಾರ್ಖಾನೆ ನಿಂತುಹೋಯಿತು. ಒಟ್ಟು ಮಾಡಿದ ಜೆ ಕಾರುಗಳು ಸುಮಾರು 480. ಆಮೇಲೆ ನಡೆದದ್ದೇ ಸ್ವಾರಸ್ಯ. ಯುದ್ಧದ ಕಾಲಕ್ಕೆ ಇವು ಬರಿ ಹಳೇ ಕಾರುಗಳಾದವು. ಪೆಟ್ರೋಲು ಕುಡಿಯುತ್ತವೆ, ಬಿಡಿಭಾಗ ಸಿಗುವುದಿಲ್ಲ, ನಿಲ್ಲಿಸುವುದಕ್ಕೆ ಜಾಗ ಸಾಲದು. ಕೆಲವು ನೂರು ಡಾಲರಿಗೆ ಕೈ ಬದಲಾಯಿಸಿದವು. ಅದೇ ಎಂಜಿನ್ನು, ಅದೇ ಮರ, ಅದೇ ತಗಡು. ಬೆಲೆ ಮಾತ್ರ ಪಾತಾಳಕ್ಕೆ. ಇವತ್ತು? ನಟ ಗ್ಯಾರಿ ಕೂಪರ್ ಹತ್ತಿರ ಇದ್ದ 1935ರ ಎಸ್‌ಎಸ್‌ಜೆ ಅನ್ನುವ ಗಿಡ್ಡ ಚಾಸಿಯ ಡ್ಯೂಸನ್‌ಬರ್ಗ್ 2018ರ ಆಗಸ್ಟಿನಲ್ಲಿ ಅಮೆರಿಕದ ಪೆಬಲ್ ಬೀಚಿನ ಹರಾಜಿನಲ್ಲಿ 2 ಕೋಟಿ 20 ಲಕ್ಷ ಡಾಲರಿಗೆ ಹೋಯಿತು. ಆಗಿನ ನಮ್ಮ ರೂಪಾಯಿಯಲ್ಲಿ 150 ಕೋಟಿಗೂ ಮೇಲೆ. ಅಂಥವು ಮಾಡಿದ್ದೇ ಎರಡು. ಇನ್ನೊಂದು ಕ್ಲಾರ್ಕ್ ಗೇಬಲ್ ಹತ್ತಿರ ಇತ್ತು.

ನೂರು ಡಾಲರಿನ ಲೆಕ್ಕದಲ್ಲಿ ಮಾರಿದ್ದು ಕೋಟಿ ಡಾಲರಿಗೆ ಹೇಗೆ ಏರಿತು? ಪುರವಣಿ ಹೇಳುವ ಉತ್ತರ ಅದೇ ಒಂದು: ಅಪರೂಪ. ನಾನು ಇದನ್ನು ಒಪ್ಪುವುದಿಲ್ಲ. 480ರಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಪಾಲು ಡ್ಯೂಸನ್‌ಬರ್ಗ್ ಜೆಗಳು ಇವತ್ತಿಗೂ ಉಳಿದಿವೆ. ಅಷ್ಟು ಹಳೆಯ ಯಾವ ಸಾಮಾನ್ಯ ಕಾರೂ ಆ ಪ್ರಮಾಣದಲ್ಲಿ ಉಳಿದಿಲ್ಲ. ನಮ್ಮ ಪಟ್ಟರೆಗಳಲ್ಲಿ ಐವತ್ತು ವರ್ಷದ ಹಿಂದೆ ಕಟ್ಟಿದ ಮರದ ಬಾಡಿಯ ಲಾರಿ ಕಟ್ಟಿದಂತೆಯೇ ಇರುವುದು ಒಂದನ್ನು ತೋರಿಸಿ ನೋಡೋಣ. ಅಪರೂಪಕ್ಕೇ ಬೆಲೆ ಬರುವುದಾದರೆ ಹರಾಜಿಗೆ ಹೋಗಬೇಕಾದದ್ದು ಅದು.

ಹಾಗಾದರೆ ಉಳಿಸಿದ್ದು ಏನು? ನಾನು ಓದಿದ ಮಟ್ಟಿಗೆ ಎರಡು ಕಾರಣ ಕಾಣುತ್ತದೆ. ಮೊದಲನೆಯದು, ಇವಕ್ಕೆ ದುಡಿತ ಇರಲಿಲ್ಲ. ಶ್ರೀಮಂತರ ಮನೆಯ ಶೆಡ್ಡಿನಲ್ಲಿ ನಿಂತಿದ್ದವು. ದೊಡ್ಡಪ್ಪ ಇದನ್ನು ಚೆನ್ನಾಗಿ ಹೇಳಿದರು: "ದುಡಿಯೋ ಎತ್ತಿಗೆ ಯಾರು ಫೋಟೋ ತೆಗೀತಾರೆ, ಬಸವನಿಗೆ ತೆಗೀತಾರೆ." ಎರಡನೆಯದು, ಯಾರೂ ಕೇಳದ ಕಾಲದಲ್ಲಿ ಇವುಗಳ ಬಗ್ಗೆ ಬರೆದಿಟ್ಟವರಿದ್ದರು. 1951ರಲ್ಲಿ ಜೆ. ಎಲ್. ಎಲ್ಬರ್ಟ್ ಎಂಬುವರು ಡ್ಯೂಸನ್‌ಬರ್ಗ್ ಬಗ್ಗೆ ಒಂದು ಪುಸ್ತಕ ಬರೆದರು. ಮರುವರ್ಷ ಆಬರ್ನ್, ಕಾರ್ಡ್, ಡ್ಯೂಸನ್‌ಬರ್ಗ್ ಕಾರುಗಳ ಅಭಿಮಾನಿಗಳು ಸೇರಿ ಒಂದು ಸಂಘ ಕಟ್ಟಿಕೊಂಡರು. ಅವರಲ್ಲಿ ಎಲ್ಲರೂ ಕುಬೇರರಲ್ಲ. ಹಳೇ ಕಾರಿನ ಕೆಳಗೆ ಮಲಗಿ ಕೈ ಮಸಿ ಮಾಡಿಕೊಂಡವರು ಬಹಳ ಜನ. ಯಾವ ಎಂಜಿನ್ನಿನ ನಂಬರು ಯಾವ ಚಾಸಿಗೆ, ಯಾವ ಬಾಡಿ ಯಾರು ಕಟ್ಟಿದ್ದು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಒಂದೊಂದು ಕಾರಿಗೂ ಜಾತಕ ಬರೆದರು. 1974ರಲ್ಲಿ ಇಂಡಿಯಾನಾದ ಆಬರ್ನ್ ಊರಿನಲ್ಲಿ, ಹಳೇ ಕಂಪನಿ ಕಟ್ಟಡದಲ್ಲೇ ಮ್ಯೂಸಿಯಂ ಆಯಿತು. ಕೋಟಿಯ ಹರಾಜು ಬಂದದ್ದು ಇಷ್ಟೆಲ್ಲ ಆದ ಮೇಲೆ.

ಇನ್ನು ಸಂಗ್ರಹಕಾರರು ಈ ಕಾರುಗಳನ್ನು ಅಳೆಯುವ ರೀತಿ. ಪೆಬಲ್ ಬೀಚಿನಲ್ಲಿ 1950ರಿಂದ ಹಳೇ ಕಾರುಗಳ ಸೌಂದರ್ಯ ಸ್ಪರ್ಧೆ ನಡೆಯುತ್ತದೆ. ತೀರ್ಪುಗಾರರು ಬಗ್ಗಿ ಬಗ್ಗಿ ನೋಡಿ, ಕಾರ್ಖಾನೆಯಿಂದ ಬಂದಾಗ ಇದ್ದಂತೆ ಇಲ್ಲದ ಒಂದೊಂದಕ್ಕೂ ಅಂಕ ಕಳೆಯುತ್ತಾರೆ. ಎಂಜಿನ್, ಚಾಸಿ, ಬಾಡಿ ಮೂರೂ ಹುಟ್ಟಿನಿಂದ ಒಟ್ಟಿಗೇ ಇದ್ದವು ಅಂತ ರುಜುವಾತಾದರೆ ಬೆಲೆ ಏರುತ್ತದೆ. ಒಳ್ಳೆಯ ಶಿಸ್ತು, ಇಲ್ಲ ಅನ್ನುವುದಿಲ್ಲ. ಆದರೆ ಈ ಶಿಸ್ತು ಕಾರಿನ ಅರ್ಧ ಆಯುಷ್ಯವನ್ನು ಅಳಿಸಿಬಿಡುತ್ತದೆ. ಬಹಳ ಡ್ಯೂಸನ್‌ಬರ್ಗ್‌ಗಳಿಗೆ ಎರಡನೇ ಯಜಮಾನರು ಬೇರೆ ಬಾಡಿ ಹಾಕಿಸಿದ್ದರು. ಆಗ ಅದು ತಪ್ಪಾಗಿರಲಿಲ್ಲ. ಹಳೇ ಚಾಸಿಗೆ ಹೊಸ ಬಾಡಿ ಹಾಕಿಸುವುದು ರೂಢಿ. ನಮ್ಮಲ್ಲೂ ಹಾಗೇ. ಒಂದು ಲಾರಿಗೆ ಪ್ರತಿ ಎಫ್.ಸಿ.ಗೂ ಹೊಸ ಪೇಂಟು, ನಡುವೆ ಒಂದು ಸಲ ಎಂಜಿನ್ ಕೆಲಸ, ಇನ್ನೊಂದು ಸಲ ಬಾಡಿಯೇ ಬೇರೆ. ಅದು ಆ ಲಾರಿ ಅಲ್ಲ ಅಂತ ಯಾರೂ ಅನ್ನುವುದಿಲ್ಲ. ರಿಪೇರಿ ಮಾಡಿದ ಕೈ ಕೂಡ ಕಾರಿನ ಕಥೆಯೇ. ಅದನ್ನು ಕೆರೆದು ತೆಗೆದು ಹೊಳಪು ಕೊಟ್ಟರೆ ಸಿಗುವುದು ಮೊದಲ ದಿನದ ಕಾರು, ತೊಂಬತ್ತು ವರ್ಷ ಬಾಳಿದ ಕಾರಲ್ಲ. ಮುದುಕಿಗೆ ಮದುವೆ ಸೀರೆ ಉಡಿಸಿ ನಿಲ್ಲಿಸಿದ ಹಾಗೆ. ಕೆಲವು ಸಂಗ್ರಹಕಾರರು ಈಗ ಮಾಸಿದ ಬಣ್ಣ, ಸವೆದ ಸೀಟು ಹಾಗೇ ಇರುವ ಕಾರಿಗೂ ಮರ್ಯಾದೆ ಕೊಡಲು ಶುರುಮಾಡಿದ್ದಾರೆ ಎಂದು ಓದಿದೆ. ನನಗೆ ಅವರು ಹತ್ತಿರದವರು ಅನ್ನಿಸಿತು.

ಇಷ್ಟೆಲ್ಲ ಹೇಳಿ ಕಾರು ಚೆನ್ನಾಗಿದೆಯೋ ಇಲ್ಲವೋ ಹೇಳದೆ ಹೋದರೆ ಅದೆಂಥ ವಿಮರ್ಶೆ. ಎಂಜಿನ್ನಿನ ವಿಷಯದಲ್ಲಿ ಎರಡು ಮಾತಿಲ್ಲ. ಅದು ಕಾಲಕ್ಕಿಂತ ಮುಂದೆ ಇತ್ತು, ಮಾಡಿದವನ ಪ್ರಾಮಾಣಿಕತೆ ಎದ್ದು ಕಾಣುತ್ತದೆ. ಆದರೆ ಎರಡು ಟನ್ನಿಗೂ ಮೀರಿದ ತೂಕ. ನಮ್ಮ ತೊಪ್ಪೂರು ಇಳಿಜಾರಿನಲ್ಲಿ ಆ ತೂಕವನ್ನು ಆ ಕಾಲದ ಡ್ರಮ್ ಬ್ರೇಕು ಹಿಡಿದು ನಿಲ್ಲಿಸುವುದನ್ನು ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ. ಹೋಳ್ಕರ್ ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಸುಮಾರು 3.9 ಮೀಟರು. ಒಂದು ನಡುಗಾತ್ರದ ಲಾರಿಯ ಅಳತೆ ಅದು. ಕೂರುವವರು ಇಬ್ಬರು! ಮೆಕ್‌ನೀಲ್ ಅಷ್ಟು ಉದ್ದವನ್ನು ಸೊಗಸಾಗಿ ನಿಭಾಯಿಸಿದ್ದಾನೆ. ಮುಂದಿನ ಮಡ್‌ಗಾರ್ಡಿನಿಂದ ಹೊರಟ ಗೆರೆ ಹಿಂದಿನವರೆಗೂ ಎಲ್ಲೂ ತಡವರಿಸುವುದಿಲ್ಲ. ದೊಡ್ಡಪ್ಪ ಬೆರಳಿಟ್ಟು ತೋರಿಸಿದ್ದು ಆ ಗೆರೆಯನ್ನೇ. ಸೊಗಸು ನಿಜ, ಆ ಸೊಗಸಿನ ಅರ್ಧ ಭಾಗ ಖಾಲಿ ಜಾಗ, ಇದೂ ನಿಜ. ಇಷ್ಟು ಜಾಗ ಪೋಲು ಮಾಡಬಲ್ಲೆ ಅಂತ ತೋರಿಸುವುದೂ ಆ ವಿನ್ಯಾಸದ ಒಂದು ಉದ್ದೇಶ. ಅದೇ ಕಂಪನಿಗಳ ಗುಂಪಿನಲ್ಲಿ ಗಾರ್ಡನ್ ಬ್ಯೂರಿಗ್ ಚಿತ್ರಿಸಿದ 1936ರ ಕಾರ್ಡ್ 810 ನನ್ನ ದೃಷ್ಟಿಯಲ್ಲಿ ಮೇಲು. ಮುಂದಿನ ಚಕ್ರದಿಂದ ಎಳೆಯುವ ಕಾರು, ದೀಪಗಳು ಮಡ್‌ಗಾರ್ಡಿನೊಳಗೆ ಅಡಗುತ್ತವೆ, ರೇಡಿಯೇಟರಿನ ಗೋಪುರವೇ ಇಲ್ಲ. ಮಾರಾಟದಲ್ಲಿ ಸೋತಿತು, ತೊಂದರೆಯೂ ಕೊಟ್ಟಿತು. ಆದರೂ ಅದರಲ್ಲಿ ಹೊಸದನ್ನು ಹುಡುಕುವ ಚಡಪಡಿಕೆ ಇದೆ.

ಈ ಅಮೆರಿಕದ ಕಾರುಗಳು ನಮಗೆ ದೂರದವು ಅಂತ ಮಕ್ಕಳಿಗೆ ಹೇಳಬೇಕಾಗಿಲ್ಲ. ಫೋರ್ಡ್ ಕಂಪನಿ 1926ರಲ್ಲಿ ಮದರಾಸಿಗೆ ಬಂತು. ಜನರಲ್ ಮೋಟಾರ್ಸ್ 1928ರಲ್ಲಿ ಬೊಂಬಾಯಿಯಲ್ಲಿ ಷೆವರ್ಲೆ ಜೋಡಿಸಲು ಶುರುಮಾಡಿತು. ಆ ಚಾಸಿಗಳ ಮೇಲೆ ಬಸ್ಸಿನ ಬಾಡಿ ಕಟ್ಟಿದವರು ನಮ್ಮ ಬಡಗಿಗಳೇ, ಗಾಡಿ ಮಾಡುತ್ತಿದ್ದ ಕೈಗಳೇ. ಯುದ್ಧದಲ್ಲಿ ಪೆಟ್ರೋಲು ಸಿಗದಾದಾಗ ಆ ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಓಡಿಸಿದರು. ಹಿರಿಯರು 'ಕರಿ ಬಸ್ಸು' ಅಂತ ಹೇಳುತ್ತಿದ್ದದ್ದು ಅದನ್ನೇ. ಇಂದೋರಿನ ಕಾರಿಗೂ ಆ ಬಸ್ಸಿಗೂ ಒಂದೇ ದೇಶದ ನಂಟು. ಒಂದರ ಜಾತಕ ಅಚ್ಚಾಗಿದೆ, ಇನ್ನೊಂದರದು ಅಜ್ಜಂದಿರ ಜೊತೆ ಹೋಯಿತು.

ನಾವೂ ಇದರಲ್ಲಿ ತಪ್ಪಿತಸ್ಥರೇ. ಧರ್ಮಸ್ಥಳಕ್ಕೆ ಹೋದ ನಮ್ಮೂರವರು ಅಲ್ಲಿಯ ಹಳೇ ಕಾರುಗಳ ಸಂಗ್ರಹ ನೋಡಿ ಬಂದಿದ್ದಾರೆ. ನಾನೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ನಮ್ಮ ಬಾಯಿಂದ ಬಂದ ಪ್ರಶ್ನೆ ಎರಡೇ: "ಇದರಲ್ಲಿ ಯಾರು ಕೂತಿದ್ರು?", "ಈಗ ಎಷ್ಟು ಬೆಲೆ ಬಾಳ್ತದೆ?" ನಾನು ಮೇಷ್ಟರಾಗಿ ಮೂರನೇ ಪ್ರಶ್ನೆ ಕಲಿಸಲಿಲ್ಲ. ಕೊಯಮತ್ತೂರಿನಲ್ಲಿ ಜಿ. ಡಿ. ನಾಯ್ಡು ಅವರ ಹೆಸರಿನ ಟ್ರಸ್ಟಿನವರು ನಡೆಸುವ ಕಾರು ಮ್ಯೂಸಿಯಂ ಇದೆ. ಸೇಲಂನಿಂದ ಒಂದು ದಿನದಲ್ಲಿ ಹೋಗಿ ಬರಬಹುದು. ನಾಯ್ಡು ಅವರೂ ದೊಡ್ಡ ಓದು ಓದಿದವರಲ್ಲ, 1920ರಲ್ಲಿ ಪೊಳ್ಳಾಚಿ ಪಳನಿ ನಡುವೆ ಒಂದು ಬಸ್ಸು ಓಡಿಸಿ ಮೇಲೆ ಬಂದವರು. ಶಾಲೆಯ ಪ್ರವಾಸಕ್ಕೆ ಹೋಗುವ ಮೇಷ್ಟರುಗಳು ಅಲ್ಲಿ ಮಕ್ಕಳಿಗೆ ಬಾಗಿಲು ಹೇಗೆ ಕೂತಿದೆ, ತಗಡು ಎಲ್ಲಿ ಬೆಸೆದಿದೆ ಅಂತ ನೋಡಲು ಹೇಳಲಿ.

ಕಾನೂನು ಕೂಡ ಹಳತನ್ನು ಎರಡು ಕಣ್ಣಿನಿಂದ ನೋಡುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಸ್ವಂತ ಉಪಯೋಗದ ಕಾರು, ಬೈಕುಗಳನ್ನು 'ವಿಂಟೇಜ್' ಅಂತ ಕರೆದು, ನಂಬರಿನಲ್ಲಿ 'ವಿಎ' ಅಕ್ಷರ ಕೊಡುವ ನಿಯಮ ಮಾಡಿತು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಪ್ರದರ್ಶನಕ್ಕೆ, ರ‍್ಯಾಲಿಗೆ ಓಡಿಸಬಹುದು. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಓಡಿಸುವಂತಿಲ್ಲ. ಒಳ್ಳೆಯದೇ. ಅದೇ ವರ್ಷ ಹಳೇ ಗಾಡಿ ಗುಜರಿಗೆ ಹಾಕುವ ನೀತಿಯೂ ಬಂತು. ಅದರ ಕಣ್ಣು ಬಿದ್ದದ್ದು ಹದಿನೈದು ವರ್ಷ ದಾಟಿದ ಲಾರಿ ಬಸ್ಸುಗಳ ಮೇಲೆ. ಹೊಗೆ, ಅಪಘಾತ ನೋಡಿದರೆ ಅದೂ ಬೇಕಾದದ್ದೇ, ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ದುಡಿದ ಗಾಡಿ ಐವತ್ತು ಮುಟ್ಟುವ ದಾರಿ ಯಾವುದು? ಪಟ್ಟರೆಗಳ ಕೆಲಸವೂ ಬದಲಾಗುತ್ತಿದೆ. ಕ್ಯಾಬಿನ್ ಈಗ ಕಂಪನಿಯಿಂದಲೇ ಬರುವುದು ಹೆಚ್ಚಾಗಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ಬಿಸಿಲಲ್ಲಿ ಬೇಯುವ ಡ್ರೈವರಿಗೆ ಇದು ಎಷ್ಟೋ ವರ್ಷ ಮೊದಲೇ ಬರಬೇಕಿತ್ತು. ಮರದ ಕ್ಯಾಬಿನ್ ಕಟ್ಟುವ ಆಚಾರಿಗೆ ಮಾತ್ರ ಇನ್ನು ಕೆಲಸವಿಲ್ಲ.

ಹೋಳ್ಕರ್ ಕಾರು ಈಗ ಅಮೆರಿಕದಲ್ಲಿ ಸಂಗ್ರಹಕಾರರ ಕೈಯಲ್ಲಿದೆ, ಹುಟ್ಟಿದ ದೇಶಕ್ಕೇ ವಾಪಸು. ಅದರ ಬಾಗಿಲಿನ ಮರ ಕೊಯ್ದ ಲಂಡನ್ನಿನ ಬಡಗಿಯ ಹೆಸರು ನಾನು ಓದಿದ ಯಾವ ಬರಹದಲ್ಲೂ ಸಿಗಲಿಲ್ಲ. ಕಂಪನಿಯ ಹೆಸರಿದೆ, ನಕ್ಷೆಗಾರನ ಹೆಸರಿದೆ, ಅಲ್ಲಿಗೆ ನಿಲ್ಲುತ್ತದೆ. ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ನೀನು ಅವನ್ನ ಹುಡುಕ್ತಾ ಇದ್ದೀಯಲ್ಲ," ಅಂದರು, "ನಮ್ಮ ಅಚ್ಚುಗಳು ದನದ ಕೊಟ್ಟಿಗೇಲಿ ಬಿದ್ದಿವೆ. ಹೋದ ಮಳೆಗಾಲದಲ್ಲಿ ನಿಮ್ಮ ದೊಡ್ಡಮ್ಮ ಎರಡನ್ನ ಒಲೆಗೆ ಹಾಕಿದ್ಲು."

ಅಚ್ಚು ಅಂದರೆ ಕ್ಯಾಬಿನ್ನಿನ ಬಾಗು, ಬಾಗಿಲಿನ ಮೂಲೆ, ಕಿಟಕಿಯ ತಿರುವು ಇವಕ್ಕೆ ಅಳತೆ ಹಿಡಿಯುವ ತೆಳು ಹಲಗೆ. ಅದನ್ನು ಮರದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಯ್ಯುತ್ತಾರೆ. ಕೊಟ್ಟಿಗೆಯಲ್ಲಿ ಮೂರು ಉಳಿದಿದ್ದವು. ಒಂದಕ್ಕೆ ಗೆದ್ದಲು ಹಿಡಿದಿತ್ತು. ಮೂರನ್ನೂ ಒರೆಸಿ ತಂದು ವಾಚನಾಲಯದ ಗೋಡೆಗೆ, ಪತ್ರಿಕೆ ಸ್ಟ್ಯಾಂಡಿನ ಪಕ್ಕಕ್ಕೆ, ಮೊಳೆ ಹೊಡೆದು ತೂಗಿಹಾಕಿದ್ದೇವೆ. ಕೆಳಗೆ ಒಂದು ಕಾರ್ಡು ಅಂಟಿಸಬೇಕು, ಏನು ಬರೆಯಲಿ ಅಂತ ದೊಡ್ಡಪ್ಪನನ್ನೇ ಕೇಳಿದೆ. ತಮ್ಮ ಹೆಸರು ಹೇಳುವುದಕ್ಕೆ ಮೊದಲು, ನಡುವಿನ ಹಲಗೆಯನ್ನು ಮುಟ್ಟಿ ನೋಡಿ, ಆ ಅಚ್ಚಿನಲ್ಲಿ ತಾವು ಮೊದಲು ಕಟ್ಟಿದ ಲಾರಿಯ ನಂಬರನ್ನು ಬಾಯಲ್ಲೇ ಹೇಳಿದರು. ಅದನ್ನು ಮೇಲಿನ ಸಾಲಿನಲ್ಲಿ ಬರೆಸಿದರು.